ವೇರಿಯೋಲಾ: ಒಂದು ಶಬ್ದದ ಹಿಂದೆ

ಅಜ್ಜಿಯ ಕುಟುಂಬ ನಿವೃತ್ತಿವೇತನದ ಕಾಗದಗಳನ್ನು ಸರಿಪಡಿಸುವ ಕೆಲಸ, ನಾನು ಸರಕಾರಿ ಗುಮಾಸ್ತನೆಂಬ ಒಂದೇ ಕಾರಣಕ್ಕೆ, ನನ್ನ ಪಾಲಿಗೆ ಬಂದಿತು. ಟ್ರಂಕಿನ ತಳದಲ್ಲಿ ಅಜ್ಜನವರು ನೌಕರಿಗೆ ಸೇರಿದಾಗಿನ ವೈದ್ಯಕೀಯ ಪ್ರಮಾಣಪತ್ರ ಸಿಕ್ಕಿತು. ‘ಗುರುತಿನ ಚಿಹ್ನೆ’ ಎಂಬಲ್ಲಿ ಡಾಕ್ಟರರು ‘ಮುಖದ ಮೇಲೆ ವೇರಿಯೋಲಾ ಕಲೆಗಳು’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

“ಹಂಗಂದ್ರೇನಪ್ಪಾ?” ಎಂದಳು ಎಂಟು ವರ್ಷದ ಮಗಳು. ಬಿ.ಎ. ಪಾಸಾದ ನನಗೆ ಗೊತ್ತಿರಲಿಲ್ಲ. ಅಜ್ಜಿಯೇ ದನಿ ತಗ್ಗಿಸಿ, “ಅವರು ಸಣ್ಣವರಿದ್ದಾಗ ಅಮ್ಮ ಬಂದಿದ್ಳು” ಎಂದಳು. “ಯಾರ ಅಮ್ಮ?” ಎಂದು ಹುಡುಗಿ ಕೇಳಿದ್ದರಲ್ಲಿ ತಪ್ಪೇನಿದೆ? ಅದಕ್ಕೆ ಉತ್ತರ ಕೊಡಲೆಂದೇ ನಾಲ್ಕಾರು ಪುಸ್ತಕಗಳನ್ನು ತಿರುವಿದೆ.

ವೇರಿಯೋಲಾ ಎಂದರೆ ಸಿಡುಬು. ಶಬ್ದ ಲ್ಯಾಟಿನ್ ಭಾಷೆಯದು. ‘ಚುಕ್ಕೆಚುಕ್ಕೆಯಾದ’ ಎಂಬರ್ಥದ ‘ವೇರಿಯಸ್’ ಅದರ ಮೂಲವೆಂದು ಕೆಲವರು, ‘ಮೊಡವೆ’ ಎಂಬರ್ಥದ ‘ವೇರಸ್’ ಎಂದು ಕೆಲವರು ಹೇಳುತ್ತಾರೆ. ಕ್ರಿ.ಶ. 570ರಲ್ಲಿ ಇಟಲಿ, ಫ್ರಾನ್ಸ್ ಪ್ರಾಂತಗಳಲ್ಲಿ ಹಬ್ಬಿದ ಒಂದು ಪಿಡುಗಿಗೆ ಅವೆಂಶ್ ಊರಿನ ಬಿಷಪ್ ಮಾರಿಯಸ್ ಈ ಹೆಸರನ್ನು ಬಳಸಿದನು. ಇಂಗ್ಲಿಷಿನ ‘ಸ್ಮಾಲ್ ಪಾಕ್ಸ್’ ಎಂಬುದರಲ್ಲಿ ‘ಪಾಕ್ಸ್’ ಎಂದರೆ ಗುಳ್ಳೆ. ‘ಸಣ್ಣದು’ ಎಂದುದು ಸೌಮ್ಯವಾದುದೆಂದಲ್ಲ. ಹದಿನೈದನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಹಬ್ಬಿದ ಫಿರಂಗಿ ರೋಗವನ್ನು ‘ದೊಡ್ಡ ಪಾಕ್ಸ್’ ಎಂದು ಕರೆದರು, ಅದರಿಂದ ಇದು ಸಣ್ಣದಾಯಿತು. ಉಗ್ರ ರೂಪದ ಸಿಡುಬು ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು!

ನಮ್ಮ ವೈದ್ಯಗ್ರಂಥಗಳು ಇದನ್ನು ‘ಮಸೂರಿಕಾ’ ಎಂದವು. ಗುಳ್ಳೆ ಮಸೂರ ಬೇಳೆಯಂತೆ ಕಾಣುವುದರಿಂದ ಆ ಹೆಸರು. ತೆಲುಗರ ‘ಮಶೂಚಿ’ ಅದನ್ನೇ ನೆನಪಿಸುತ್ತದೆ. ಪಂಡಿತರು ಗುಳ್ಳೆಯನ್ನು ನೋಡಿ ಹೆಸರಿಟ್ಟರೆ, ಜನರು ಭಯದಿಂದ ಹೆಸರಿಟ್ಟರು. ತಮಿಳರಿಗೆ ಅದು ‘ಅಮ್ಮೈ’, ನಮ್ಮ ನೆರೆಯ ಮರಾಠಿಗರಿಗೆ ‘ದೇವಿ’, ನಮಗೆ ‘ಅಮ್ಮ’.

ವೇರಿಯೋಲಾ ಶಬ್ದಕ್ಕೆ ಶುಭವಾದೊಂದು ಸಂಬಂಧವೂ ಉಂಟು. 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯನನ್ನು ಕಾಪಾಡಬಹುದೆಂದು ಪ್ರಯೋಗ ಮಾಡಿದ ಎಡ್ವರ್ಡ್ ಜೆನ್ನರ್, 1798ರ ತನ್ನ ಪುಸ್ತಕದಲ್ಲಿ ಆ ರೋಗವನ್ನು ‘ವೇರಿಯೋಲೇ ವ್ಯಾಕ್ಸಿನೇ’ ಎಂದು ಕರೆದನು. ‘ವ್ಯಾಕಾ’ ಎಂದರೆ ಹಸು. ಇಂದು ನಾವೆಲ್ಲ ಆಡುವ ‘ವ್ಯಾಕ್ಸಿನ್’ ಶಬ್ದ ಹುಟ್ಟಿದ್ದು ಹೀಗೆ, ಕೊಟ್ಟಿಗೆಯಿಂದ! ಆ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು ನಾವಿರುವ ಈ ಮುಂಬಯಿಯಲ್ಲೇ. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರು.

ಇಷ್ಟನ್ನೂ ಮನೆಯಲ್ಲಿ ಓದಿ ಹೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಸೆರಗು ಸರಿಸಿ ತೋಳಿನ ಮೇಲಿನ ಎರಡು ದುಂಡು ಕಲೆಗಳನ್ನು ತೋರಿಸಿದಳು.

“ನನಗ ಸಾಲ್ಯಾಗ ಹಾಕಿದ್ರು. ಮನಿಗೆ ಬಂದಾಗ ನಮ್ಮವ್ವ ತಮ್ಮನ್ನ ಅಟ್ಟದ ಮ್ಯಾಲೆ ಮುಚ್ಚಿಟ್ಟಳು. ಸೂಜಿ ಚುಚ್ಚಿದರ ಅಮ್ಮ ಸಿಟ್ಟಾಗತಾಳ ಅಂತ ಹೆದರಿಕಿ. ಮರುವರ್ಷನ ಅವ ಹೋದ. ನಾಕು ವರ್ಷದಾಂವ.”

ಆ ತಮ್ಮನ ವಿಷಯ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮುತ್ತಜ್ಜಿ ಮಗನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ್ದಳು. ಅಮ್ಮ ಎಂಬ ಹೆಸರು ರೋಗಿಗೆ ಬೇವಿನ ತಂಪನ್ನೂ ಆರೈಕೆಯನ್ನೂ ಕೊಟ್ಟಿತು, ನಿಜ. ಆದರೆ ಅದೇ ಹೆಸರು ಆ ಹುಡುಗನನ್ನು ಅಟ್ಟ ಹತ್ತಿಸಿತು.

1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು. 1980ರ ಮೇ ತಿಂಗಳಲ್ಲಿ ಇಡೀ ಜಗತ್ತು ಮುಕ್ತವೆಂದು ಸಾರಲಾಯಿತು. ಆದುದರಿಂದಲೇ ನನ್ನ ತೋಳಿನ ಮೇಲೆ ಆ ಕಲೆಯಿಲ್ಲ, ಮಗಳಿಗೆ ಆ ಶಬ್ದ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಅಜ್ಞಾನ ಬೇರೊಂದುಂಟೇ?

ವಾಚಕರೇ, ನಿಮ್ಮ ಮನೆಯ ಹಿರಿಯರ ತೋಳಿನ ಮೇಲೂ ಅಂಥ ಕಲೆ ಇದ್ದೀತು. ಅವರು ಇರುವಾಗಲೇ ಒಮ್ಮೆ ಕೇಳಿರಿ. ಅಜ್ಜಿಯ ತಮ್ಮನ ಹೆಸರನ್ನು ಮಗಳು ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ.