ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ – ಎಲ್ಲರೂ ನೋಡಬೇಕಾದ ಸಿನಿಮಾ



ಶಂಕರ್‌ನಾಗ್ ಅಂದ ಕೂಡಲೇ ನಮಗ ‘ಆಟೋ ರಾಜ’, ‘ಸಾಂಗ್ಲಿಯಾನ’ ನೆನಪಾಗ್ತಾವ. ಆದರೆ ಅವರು ನಟರಷ್ಟೇ ಅಲ್ಲ, ದೊಡ್ಡ ನಿರ್ದೇಶಕರೂ ಹೌದು. ‘ಮಿಂಚಿನ ಓಟ’ ಸಿನಿಮಾ, ಟಿ.ವಿ.ಯ ‘ಮಾಲ್ಗುಡಿ ಡೇಸ್’ ಅವರೇ ನಿರ್ದೇಶಿಸಿದ್ದು. ನನಗ ಭಾಳ ಸೇರುವ ನಿರ್ದೇಶಕರು ಇವರೇ. ಇವರ ಇನ್ನೊಂದು ಸಿನಿಮಾದ ಹೆಸರು ಹೇಳೋರು ಕಡಿಮಿ. ಅದು 1985ರಲ್ಲಿ ಬಂದ ‘ಆಕ್ಸಿಡೆಂಟ್’.

ಕಥೆ ಹಿಂಗದ: ಒಂದು ರಾತ್ರಿ ಶ್ರೀಮಂತರ ಹುಡುಗ ಅಮಲಿನಲ್ಲಿ ಕಾರು ಓಡಿಸಿ, ರಸ್ತೆ ಬದಿ ಮಲಗಿದ್ದ ಬಡವರ ಮೇಲೆ ಹಾಯಿಸ್ತಾನ. ಹುಡುಗನ ಅಪ್ಪ ಧರ್ಮಾಧಿಕಾರಿ ದೊಡ್ಡ ರಾಜಕಾರಣಿ. ಹೆಸರಿನಾಗ ಧರ್ಮ ಅದ, ಕೆಲಸದಾಗ ಇಲ್ಲ. ಮಗನನ್ನು ಉಳಿಸಲಿಕ್ಕೆ ಕೇಸು ಮುಚ್ಚಿಹಾಕಲು ನೋಡ್ತಾನ. ಈ ಪಾತ್ರ ಮಾಡಿದವರು ಶಂಕರ್‌ನಾಗ್ ಅವರ ಅಣ್ಣ ಅನಂತ್‌ನಾಗ್. ಸತ್ಯ ಹುಡುಕುವ ಪತ್ರಕರ್ತ ರವಿಯಾಗಿ ಶಂಕರ್‌ನಾಗ್ ಅವರೇ ಇದ್ದಾರೆ. ಬದುಕಿ ಉಳಿದ ಬಡವನ ಪಾತ್ರ ರಮೇಶ್ ಭಟ್ ಅವರದು. ಸಂಗೀತ ಇಳಯರಾಜಾ.

ಪತ್ತೇದಾರಿ ಸಿನಿಮಾದಾಗ ತಪ್ಪು ಮಾಡಿದವರು ಯಾರು ಅಂತ ಕಡೀಗೆ ಗೊತ್ತಾಗ್ತದ. ಇಲ್ಲಿ ಮೊದಲೇ ಗೊತ್ತು. ಆದ್ರೂ ಎದಿ ಡವಡವ ಅಂತದ. ಯಾಕಂದ್ರ ಪ್ರಶ್ನೆ ‘ಯಾರು?’ ಅನ್ನೋದಲ್ಲ, ‘ಸತ್ಯ ಹೊರಗ ಬರ್ತದೋ ಇಲ್ಲೋ?’ ಅನ್ನೋದು. ಭೂತ ಇಲ್ಲದೆ ಭಯ ಹುಟ್ಟಿಸೋದು ಹಿಂಗ.

ಇದು ನಮ್ಮಿಂದ ದೂರದ ಕಥೆ ಅಲ್ಲ. ಶಹಾಬಾದ, ವಾಡಿ, ಸೇಡಂ ಕಡೆ ಫರ್ಸಿ ಕಲ್ಲಿನ ಲಾರಿ, ಸಿಮೆಂಟ್ ಲಾರಿ ರಾತ್ರಿನೂ ಓಡ್ತಾವ. ಬ್ಯಾಸಿಗಿ ಧಗಿಗೆ ಜನ ಮನಿ ಹೊರಗ ಮಲಗ್ತಾರ. ನಮ್ಮ ಕಡೆಯಿಂದ ಬೆಂಗಳೂರು, ಮುಂಬೈಗೆ ಗುಳೆ ಹೋದವರಿಗೆ ಎಷ್ಟೋ ಸಲ ರಸ್ತೆ ಬದಿಯೇ ಮನಿ. ಅಲ್ಲಿ ಮಲಗಿದವರಿಗೂ ಹೆಸರು ಅದ, ಮಕ್ಕಳು ಇದ್ದಾರ. ಅವರು ಸತ್ತರ ಯಾರೂ ಕೇಳೋರಿಲ್ಲ ಅಂತ ದೊಡ್ಡವರು ತಿಳಕೋತಾರ. ಕೇಳಬೇಕು ಅಂತ ಈ ಸಿನಿಮಾ ಹೇಳ್ತದ.

‘ಆಕ್ಸಿಡೆಂಟ್’ಗೆ ಸಾಮಾಜಿಕ ವಿಷಯದ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂತು. ದುಃಖದ ಸಂಗತಿ ಏನಂದ್ರ, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಶಂಕರ್‌ನಾಗ್ ಅವರೂ ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಆಗ ಅವರಿಗೆ ಬರೀ 35 ವರ್ಷ.

ಸಿನಿಮಾದ ಕೊನೆ ಏನು? ಅದನ್ನ ನಾನು ಹೇಳಂಗಿಲ್ಲ. ನೀವೇ ನೋಡ್ರಿ, ಮನಿಯವರಿಗೂ ತೋರಿಸ್ರಿ. ಆಮ್ಯಾಲ ಇದೇ ಗೋಡೆ ಪತ್ರಿಕೆಗೆ ನಿಮ್ಮ ಅಭಿಪ್ರಾಯ ಬರೀರಿ.

– 7ನೇ ತರಗತಿ