ಬರ, ನೆರೆ ಮತ್ತು ನಮ್ಮ ಪ್ರಾರ್ಥನೆ

ಮುಂಗಾರು ಕೈಕೊಟ್ಟ ಒಂದು ವರ್ಷ ಕುಂದಗೋಳ ತಾಲ್ಲೂಕಿನ ಸಂಶಿಯಲ್ಲಿ ವಿಶ್ವಾಸಿಗಳ ಮನೆಯೊಂದರಲ್ಲಿ ಪ್ರಾರ್ಥನೆಗೆ ಕುಳಿತಿದ್ದೆವು. ಹೊರಗೆ ಎರೆಹೊಲಗಳು ಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದವು. ಹೆಸರು ಹೂ ಬಿಡುವ ಮೊದಲೇ ಬಾಡಿತ್ತು. ಆಮೆನ್ ಹೇಳಿ ಕಣ್ಣು ತೆರೆದಾಗ ಮನೆಯ ಹಿರಿಯ ತಾಯಿ ಕೇಳಿದರು: “ಅಯ್ಯನೋರ, ಊರಾಗ ಸಪ್ತ ಭಜನಿ ಹಿಡದಾರ, ಹುಡುಗೂರು ಗುರ್ಜಿ ಹೊತ್ತಾರ, ಮಸೂತಿ ಮಂದೀನೂ ದುವಾ ಮಾಡ್ಯಾರ. ನಾವೂ ಉಪಾಸ ಇದ್ದು ಪ್ರಾರ್ಥನಿ ಮಾಡೇವಿ. ನಾಳೆ ಮಳಿ ಬಂತಂದ್ರ ಯಾರ ಪ್ರಾರ್ಥನಿಗೆ ಬಂತು ಅನ್ನೂದು? ಬರಲಿಲ್ಲಂದ್ರ ಯಾರ ತಪ್ಪು ಅನ್ನೂದು?”

ಅಂದು ನಾವು ಕೊಟ್ಟ ಉತ್ತರ ಉತ್ತರವೇ ಆಗಿರಲಿಲ್ಲ. ಎಲ್ಲವೂ ದೇವರ ಚಿತ್ತವೆಂದು ಹೇಳಿ, ಚಹಾ ಕುಡಿದು ಎದ್ದು ಬಂದೆವು. ದೈವಶಾಸ್ತ್ರವನ್ನು ಓದಿದವರ ನಾಲಿಗೆಗೆ ಆ ಮಾತು ಬಹಳ ಸುಲಭವಾಗಿ ಬರುತ್ತದೆ. ಆದರೆ ಆ ತಾಯಿಯ ಪ್ರಶ್ನೆಯ ಮೊದಲ ಭಾಗಕ್ಕಿಂತ ಎರಡನೆಯ ಭಾಗ ಹೆಚ್ಚು ತೂಕವುಳ್ಳದ್ದು. ಮಳೆ ಬಾರದಿದ್ದುದು ನಿನ್ನ ಅಲ್ಪವಿಶ್ವಾಸದಿಂದ ಎಂದು ಬೋಧಕನು ಸೂಚಿಸಿದರೂ ಸಾಕು, ಸೊಸೈಟಿಯ ಸಾಲ ಹೊತ್ತ ರೈತನ ಹೆಗಲಿಗೆ ದೇವರ ಸಾಲವನ್ನೂ ಏರಿಸಿದಂತಾಗುತ್ತದೆ. ರೈತರ ಆತ್ಮಹತ್ಯೆ ಧಾರವಾಡ ಜಿಲ್ಲೆಗೆ ಅಪರಿಚಿತ ಸುದ್ದಿಯಲ್ಲ. ಆದುದರಿಂದ ಪ್ರಕೃತಿ ವಿಕೋಪದಲ್ಲಿ ಪ್ರಾರ್ಥನೆಗೆ ಏನು ಬೆಲೆ ಎಂಬ ಪ್ರಶ್ನೆಯನ್ನು ನಾವು ತರಗತಿಯ ಚರ್ಚೆಯಾಗಿ ಮಾತ್ರ ಎತ್ತಿಕೊಳ್ಳುವಂತಿಲ್ಲ.

ಕರಾವಳಿಯಿಂದಲೂ ದಕ್ಷಿಣದಿಂದಲೂ ಬಂದ ವಿದ್ಯಾರ್ಥಿಗಳಿಗಾಗಿ ಒಂದು ವಿವರಣೆ. ಗುರ್ಜಿಯೆಂದರೆ ರೊಟ್ಟಿಯ ಹಂಚಿನ ಮೇಲೆ ಮಣ್ಣಿನಿಂದ ಮಾಡಿದ ಮೂರ್ತಿ. ಅದನ್ನು ತಲೆಯ ಮೇಲೆ ಹೊತ್ತು ಮಕ್ಕಳು ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಸಪ್ತ ಭಜನೆಯಲ್ಲಿ ಏಳು ದಿನ ಹಗಲಿರುಳು ಹಾಡು ನಿಲ್ಲದು. ಹಳ್ಳಿಗರಷ್ಟೇ ಅಲ್ಲ, ಸರಕಾರವೂ ಹೀಗೆ ಮಾಡಿದ್ದುಂಟು: 2012ರ ಬರಗಾಲದಲ್ಲಿ ಮುಜರಾಯಿ ಇಲಾಖೆಯ ಸುಮಾರು 34,000 ದೇವಾಲಯಗಳಲ್ಲಿ ಮಳೆಗಾಗಿ ಪೂಜೆ ನಡೆಸಬೇಕೆಂದು ರಾಜ್ಯ ಸರಕಾರ ಆದೇಶಿಸಿ, ದೇವಾಲಯವೊಂದಕ್ಕೆ 5,000 ರೂಪಾಯಿಯಂತೆ ವೆಚ್ಚವನ್ನು ಗೊತ್ತುಮಾಡಿತು. ಅದನ್ನು ಕಂಡು ನಗುವ ಮುನ್ನ ನಾವು ನಮ್ಮ ಮನೆಯನ್ನೇ ನೋಡಿಕೊಳ್ಳಬೇಕು. 1662ರ ಸಾಮಾನ್ಯ ಪ್ರಾರ್ಥನಾ ಗ್ರಂಥದಲ್ಲಿ ಮಳೆ ಬರಲೆಂದು ಒಂದು ಪ್ರಾರ್ಥನೆಯಿದೆ. ಅದರ ಬೆನ್ನಿಗೇ ಮಳೆ ನಿಂತು ಬಿಸಿಲು ಬರಲೆಂದು ಇನ್ನೊಂದಿದೆ. ಆ ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟುಕೊಂಡ ಸಭೆಗೆ ಗುರ್ಜಿ ಹೊತ್ತ ಮಗುವನ್ನು ಹಾಸ್ಯ ಮಾಡುವ ಅಧಿಕಾರವಿಲ್ಲವೆಂದು ನಮಗೆ ತೋರುತ್ತದೆ.

ಆ ಎರಡು ಪ್ರಾರ್ಥನೆಗಳನ್ನೂ ಒಂದೇ ವರ್ಷದಲ್ಲಿ ಸಲ್ಲಿಸಬೇಕಾಗಿ ಬಂದದ್ದು 2009ರಲ್ಲಿ. ಆ ವರ್ಷ ದೇಶದ ನೈಋತ್ಯ ಮುಂಗಾರು ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆಯಾಯಿತು. 1972ರ ತರುವಾಯ ಅಷ್ಟು ದುರ್ಬಲವಾದ ಮುಂಗಾರು ಬಂದಿರಲಿಲ್ಲ. ನಮ್ಮ ರಾಜ್ಯದ ಅನೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಎಲ್ಲ ಧರ್ಮದವರೂ ಮಳೆಯನ್ನು ಬೇಡಿದರು. ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತದಿಂದ ಮಳೆ ಸುರಿಯಿತು; ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಎಷ್ಟೋ ಹಳ್ಳಿಗಳು ಮಣ್ಣಿನ ಗೋಡೆಗಳೊಡನೆ ಕುಸಿದವು. ಆಸರೆ ಎಂಬ ಹೆಸರಿನಲ್ಲಿ ಬೇರೆಡೆ ಮನೆ ಕಟ್ಟಿಕೊಡಬೇಕಾಯಿತು. ಆಗಸ್ಟಿನಲ್ಲಿ ಬೇಡಿದವರಿಗೆ ದೊರೆತ ಉತ್ತರ ಇದೇ ಎಂದು ಹೇಳುವ ಧೈರ್ಯ ಯಾರಿಗಿದೆ? ಮಳೆಯನ್ನು ಪ್ರಾರ್ಥನೆಯ ರಸೀದಿಯೆಂದು ಎಣಿಸುವವರು ಆ ನೆರೆಯ ರಸೀದಿಗೂ ಸಹಿ ಹಾಕಬೇಕಾಗುತ್ತದೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆಸೀಮೆಯ ನೀರನ್ನು ಹೊತ್ತು ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳದ ದಂಡೆಯ ಜನರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಆ ಹಳ್ಳ ಒಂದು ರಾತ್ರಿಯ ಮಳೆಗೆ ಹೊಲಗಳ ಮೇಲೆ ಹತ್ತುತ್ತದೆ.

ಸತ್ಯವೇದವು ಈ ವಿಷಯದಲ್ಲಿ ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯವು ಮುಂಗಾರು ಹಿಂಗಾರುಗಳನ್ನು ಇಸ್ರಾಯೇಲ್ಯರ ವಿಧೇಯತೆಗೆ ಕಟ್ಟುತ್ತದೆ. ಅವಿಧೇಯತೆಗೆ ಆಕಾಶ ಮುಚ್ಚಲ್ಪಡುತ್ತದೆ. ಆಮೋಸನು ಒಂದು ಊರಿಗೆ ಮಳೆ ಬಂದು ಇನ್ನೊಂದಕ್ಕೆ ಬಾರದಿದ್ದುದನ್ನು ದೇವರ ಎಚ್ಚರಿಕೆಯೆಂದು ಓದುತ್ತಾನೆ. ನಮ್ಮ ಬೋಧಕರಲ್ಲಿ ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಆ ಮಾತುಗಳು ಒಡಂಬಡಿಕೆಯ ಜನಾಂಗವೊಂದಕ್ಕೆ, ವಿಶೇಷವಾಗಿ ಬಡವರನ್ನು ತುಳಿಯುತ್ತಿದ್ದ ಅದರ ಶ್ರೀಮಂತರಿಗೆ, ಪ್ರವಾದಿಯು ಎದುರಿಗೆ ನಿಂತು ಹೇಳಿದವು; ಬೆಳೆ ಕಳೆದುಕೊಂಡ ಬಡವನಿಗೆ ಹೇಳಿದವಲ್ಲ. ಯೋಬನ ಸ್ನೇಹಿತರು ಇದೇ ಸಿದ್ಧಾಂತವನ್ನು ಬೂದಿಯಲ್ಲಿ ಕುಳಿತವನಿಗೆ ಅನ್ವಯಿಸಿದಾಗ ದೇವರು ಕೋಪಗೊಂಡದ್ದು ಅವರ ಮೇಲೆ. ಅದೇ ಗ್ರಂಥದ 38ನೆಯ ಅಧ್ಯಾಯದಲ್ಲಿ ದೇವರು, ಮನುಷ್ಯರೇ ಇಲ್ಲದ ಅರಣ್ಯದ ಮೇಲೆ ತಾನು ಮಳೆ ಸುರಿಸುವುದನ್ನು ಯೋಬನಿಗೆ ನೆನಪಿಸುತ್ತಾನೆ. ಯಾರ ಪುಣ್ಯಕ್ಕೆ ಆ ಮಳೆ? ಯಾರ ಪಾಪಕ್ಕೂ ಪುಣ್ಯಕ್ಕೂ ಸಂಬಂಧವಿಲ್ಲದ ಮಳೆಯೊಂದು ಲೋಕದಲ್ಲಿ ಬೀಳುತ್ತಿದೆಯೆಂಬುದು ಯೋಬನಿಗೆ ದೊರೆತ ಅರಿವುಗಳಲ್ಲಿ ಒಂದು. ನೀತಿವಂತರ ಮೇಲೂ ಅನೀತಿವಂತರ ಮೇಲೂ ತಂದೆಯು ಮಳೆ ಸುರಿಸುತ್ತಾನೆಂದು ಯೇಸುಸ್ವಾಮಿ ಪರ್ವತ ಪ್ರಸಂಗದಲ್ಲಿ ಹೇಳುವಾಗ ಅದನ್ನು ವೈರಿಯನ್ನು ಪ್ರೀತಿಸಲು ಕಾರಣವಾಗಿ ಕೊಡುತ್ತಾನೆ. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಜನರು ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಲೂಕ 13ರಲ್ಲಿ ನೇರವಾಗಿ ತಳ್ಳಿಹಾಕುತ್ತಾನೆ. ಪಶ್ಚಾತ್ತಾಪದ ಕರೆಯನ್ನು ಕೊಡುವುದು ಸತ್ತವರ ಬಗ್ಗೆ ಮಾತನಾಡುತ್ತಾ ನಿಂತಿದ್ದ ಬದುಕಿರುವವರಿಗೆ.

ನಮ್ಮ ದೇಶದಲ್ಲಿಯೂ ಈ ವಾದ ದೊಡ್ಡವರ ನಡುವೆ ನಡೆದದ್ದುಂಟು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದರು. ಅಸ್ಪೃಶ್ಯತೆಯನ್ನು ತಾವೂ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ತರ್ಕವನ್ನು ಒಪ್ಪದೆ ಬರೆದರು. ಗಾಂಧೀಜಿ ಆ ಬರಹವನ್ನು ತಮ್ಮ ಹರಿಜನ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರ ಕೊಟ್ಟರು. ಗಾಂಧೀಜಿಯ ಉದ್ದೇಶ ಪ್ರವಾದಿಯದೇ. ಆದರೂ ಅವಶೇಷಗಳಡಿ ಸಿಕ್ಕಿದವರಲ್ಲಿ ದಲಿತರ ಮಕ್ಕಳೂ ಇದ್ದಿರಲೇಬೇಕಲ್ಲವೇ? ನಮ್ಮ ಮನಸ್ಸು ಇಲ್ಲಿ ಠಾಕೂರರ ಕಡೆಗೇ ವಾಲುತ್ತದೆ.

ಹಾಗಾದರೆ ಎಲೀಯನ ಗತಿಯೇನು? ಯಾಕೋಬನ ಪತ್ರಿಕೆಯು ಅವನನ್ನು ನಮ್ಮಂಥ ಸ್ವಭಾವದವನೆಂದು ಕರೆದು, ಅವನ ಪ್ರಾರ್ಥನೆಗೆ ಮಳೆ ನಿಂತಿತು, ಮತ್ತೆ ಬಂತು ಎನ್ನುತ್ತದೆ. ಸಂಶಿಯ ತಾಯಿಯ ಮೊದಲ ಪ್ರಶ್ನೆಗೆ ಕರ್ಮೆಲ್ ಬೆಟ್ಟವೇ ಉತ್ತರವೆಂದು ಹೇಳುವ ಆಸೆ ಯಾರಿಗಾದರೂ ಆದೀತು. ಆದರೆ 1 ಅರಸುಗಳು 18ನ್ನು ನಿಧಾನವಾಗಿ ಓದಬೇಕು. ಬಾಳನ ಪ್ರವಾದಿಗಳೊಡನೆ ಸ್ಪರ್ಧೆ ನಡೆದದ್ದು ಬೆಂಕಿಗಾಗಿ, ಮಳೆಗಾಗಿ ಅಲ್ಲ. ಮಳೆ ಕೊಡುತ್ತೇನೆಂಬ ದೇವರ ಮಾತು ಅಧ್ಯಾಯದ ಮೊದಲ ವಚನದಲ್ಲಿಯೇ ಬಂದಿದೆ. ಎಲೀಯನ ಪ್ರಾರ್ಥನೆ ಆ ಮಾತಿಗೆ ಕೊಟ್ಟ ಪ್ರತ್ಯುತ್ತರ. ಜನರ ಗುಂಪು ಚದರಿದ ಮೇಲೆ ಅವನು ಬೆಟ್ಟದ ತುದಿಯಲ್ಲಿ ಮೊಣಕಾಲುಗಳ ನಡುವೆ ಮುಖವಿಟ್ಟು ಬಾಗುತ್ತಾನೆ. ಸೇವಕನು ಏಳು ಸಾರಿ ಸಮುದ್ರದ ಕಡೆ ನೋಡಿ ಬರಬೇಕಾಗುತ್ತದೆ. ಇನ್ನೊಂದು ಸಂಗತಿ: ಆ ಬರದಲ್ಲಿ ಎಲೀಯನನ್ನು ಸಾಕಿದವಳು ಚಾರೆಪ್ತದ ಅನ್ಯಜನಾಂಗದ ವಿಧವೆ. ಹಿಡಿ ಹಿಟ್ಟಿನ ಅವಳ ಮಡಕೆಯನ್ನು ಬಿಟ್ಟು ಕರ್ಮೆಲಿನ ಕಥೆಯನ್ನು ಹೇಳುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ವಿಜ್ಞಾನದ ಆಕ್ಷೇಪಣೆ ಬೇರೆ ಬಗೆಯದು. 1872ರಲ್ಲಿ ಇಂಗ್ಲೆಂಡಿನಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ಮುಂದಿಟ್ಟ ಪ್ರಸ್ತಾಪವೊಂದು ದೊಡ್ಡ ವಿವಾದವನ್ನೆಬ್ಬಿಸಿತು: ಆಸ್ಪತ್ರೆಯ ಒಂದು ವಿಭಾಗದ ರೋಗಿಗಳಿಗಾಗಿ ಕೆಲವು ವರ್ಷ ಪ್ರಾರ್ಥಿಸಿ, ಉಳಿದ ಆಸ್ಪತ್ರೆಗಳೊಡನೆ ಸಾವಿನ ಪ್ರಮಾಣವನ್ನು ಹೋಲಿಸಿ ನೋಡೋಣ ಎಂಬುದು ಅದರ ಸಾರ. ಇಂದು ಹವಾಮಾನಶಾಸ್ತ್ರ ಇನ್ನೂ ಮುಂದೆ ಹೋಗಿದೆ. 1876, 2009, 2023: ಈ ಮೂರೂ ಬರಗಳ ಹಿಂದೆ ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೋ ಇತ್ತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪೆರು ದೇಶದಾಚೆಯ ಕಡಲು ಬಿಸಿಯಾದರೆ ಸಂಶಿಯ ಹೆಸರು ಒಣಗುತ್ತದೆಯೆಂದ ಮೇಲೆ ನಡುವೆ ಪ್ರಾರ್ಥನೆಗೆ ಎಡೆಯೆಲ್ಲಿ? ಕೆಲವರು ಇದಕ್ಕೆ ಹೆದರಿ, ಪ್ರಾರ್ಥನೆ ಬದಲಿಸುವುದು ಪ್ರಾರ್ಥಿಸುವವನ ಮನಸ್ಸನ್ನು ಮಾತ್ರ ಎಂದು ಹಿಂದೆ ಸರಿಯುತ್ತಾರೆ. ಅದು ಅರ್ಧಸತ್ಯ. ಅಂದಂದಿನ ಆಹಾರವನ್ನು ಬೇಡಲು ಕಲಿಸಿದ ಕರ್ತನು ಮನಶ್ಶಾಂತಿಯನ್ನು ಮಾತ್ರ ಬೇಡಿರಿ ಎನ್ನಲಿಲ್ಲ. ಥಾಮಸ್ ಅಕ್ವಿನಾಸನು ಪ್ರಾರ್ಥನೆಯು ದೇವರ ಸಂಕಲ್ಪವನ್ನು ಬದಲಿಸುವುದಕ್ಕಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ದೇವರು ಸಂಕಲ್ಪಿಸಿದ್ದನ್ನು ಹೊಂದುವುದಕ್ಕೆ ಎಂದು ಬೋಧಿಸಿದನು. ತತ್ತ್ವವಾಗಿ ಇದನ್ನು ನಾವು ಒಪ್ಪುತ್ತೇವೆ, ಆದರೆ ಇದನ್ನು ಹಿಡಿದು ಒಣಹೊಲಕ್ಕೆ ಹೋಗಲಾರೆವು.

ಒಣಹೊಲಕ್ಕೆ ಹಿಡಿದು ಹೋಗಬಹುದಾದದ್ದು ಗೆತ್ಸೇಮನೆ. ಅಲ್ಲಿ ಬೇಡಿಕೆ ಸ್ಪಷ್ಟವಾಗಿದೆ: ಈ ಪಾತ್ರೆ ತೊಲಗಲಿ. ಮೂರು ಸಾರಿ ಬೇಡಲಾಯಿತು, ಪಾತ್ರೆ ತೊಲಗಲಿಲ್ಲ. ಬೇಡಿದವನಲ್ಲಿ ವಿಶ್ವಾಸ ಕಡಿಮೆಯಿತ್ತೆಂದು ಹೇಳಬಲ್ಲ ಕ್ರೈಸ್ತನಿಲ್ಲ. ಆದುದರಿಂದ ದೊರೆಯದ ಉತ್ತರವು ವಿಶ್ವಾಸದ ಕೊರತೆಗೆ ಸಾಕ್ಷಿಯೆಂಬ ಉಪದೇಶ ನಮ್ಮ ಪೀಠಗಳಿಂದ ಇಳಿಯಲೇಬೇಕು. ಅದೇ ಗೆತ್ಸೇಮನೆ ಬೇಡುವುದನ್ನು ನಿಲ್ಲಿಸಲೂ ಬಿಡುವುದಿಲ್ಲ. ದೇವರ ಚಿತ್ತವಾಗಲಿ ಎಂಬ ಮಾತು ಅಲ್ಲಿ ಬೇಡಿಕೆಯ ನಂತರ, ಬೆವರಿನೊಡನೆ ಬಂತು. ನಾವು ಸಂಶಿಯಲ್ಲಿ ಹೇಳಿದಂತೆ ಬೇಡಿಕೆಯನ್ನು ಮುಗಿಸಿಬಿಡುವುದಕ್ಕಾಗಿ ಬರಲಿಲ್ಲ.

ಬರದ ಸಾವುಗಳಿಗೆ ಆಕಾಶವೊಂದೇ ಹೊಣೆಯಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. 1876–78ರ ಮಹಾಕ್ಷಾಮದಲ್ಲಿ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮಳೆ ನಿಂತದ್ದು ನಿಜ. ಅದರೊಡನೆ ಧಾನ್ಯದ ಬೆಲೆ ಏರಿದ್ದೂ, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿನ ಮಟ್ಟಕ್ಕೆ ಇಳಿಸಿದ ರಿಚರ್ಡ್ ಟೆಂಪಲ್ಲನ ನೀತಿಯೂ ಅಷ್ಟೇ ನಿಜ. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿದ್ದ ಬಾಸೆಲ್ ಮಿಷನ್ನಿನವರು ಆ ಕ್ಷಾಮದ ಅನಾಥ ಮಕ್ಕಳನ್ನು ಕರೆದುಕೊಂಡು ಸಾಕಿದರು. ಹೊಟ್ಟೆಗಾಗಿ ಕ್ರೈಸ್ತರಾದವರೆಂಬ ಮೂದಲೆ ಅಂದಿನಿಂದಲೂ ಕೇಳಿಬಂದಿದೆ. ನಾವು ಅದಕ್ಕೆ ನಾಚಬೇಕಾದ ಕಾರಣವಿಲ್ಲ. ಕ್ಷಾಮ ಮುಗಿದ ಮೇಲೆ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಸ್ಥಾಪನೆಯಾಯಿತು. ಅದರ ಹೋಟಗಿ–ಗದಗ ಹಾದಿಯನ್ನು ಕ್ಷಾಮ ನಿವಾರಣೆಗೆಂದೇ ಯೋಜಿಸಿದ್ದರು. ಸಂಶಿಯ ನಿಲ್ದಾಣವನ್ನು ಹಾದುಹೋಗುವ ಹುಬ್ಬಳ್ಳಿ–ಹರಿಹರ ಹಾದಿಯೂ ಅದೇ ಕಂಪನಿಯದು. (ರೈಲು ಧಾನ್ಯವನ್ನು ತರುವಂತೆ ಹೊತ್ತೊಯ್ಯಲೂ ಬಲ್ಲದು, ಅದು ಬೇರೆ ಮಾತು.) ಅಪೊಸ್ತಲರ ಕೃತ್ಯಗಳು 11ರಲ್ಲಿ ಅಗಬನು ಕ್ಷಾಮವನ್ನು ಮುಂತಿಳಿಸಿದಾಗ ಅಂತಿಯೋಕ್ಯದ ಸಭೆ ಪ್ರಾರ್ಥಿಸಿತೋ ಇಲ್ಲವೋ ಲೂಕನು ಬರೆಯುವುದಿಲ್ಲ. ಪ್ರತಿಯೊಬ್ಬನು ತನ್ನ ಶಕ್ತಿಗೆ ತಕ್ಕಂತೆ ಹಣ ಕೂಡಿಸಿ ಬಾರ್ನಬ ಸೌಲರ ಕೈಯಲ್ಲಿ ಯೂದಾಯಕ್ಕೆ ಕಳುಹಿಸಿದ್ದನ್ನು ಬರೆಯುತ್ತಾನೆ.

ಹೀಗಿರುವಾಗ ಬರದ ಭಾನುವಾರ ಸಭಾಪಾಲಕನು ಮಾಡಬೇಕಾದದ್ದೇನು? ಮಳೆಗಾಗಿ ಬಾಯಿ ಬಿಟ್ಟು ಬೇಡಲಿ. ಊರಿನ ಎಲ್ಲ ಹೊಲಗಳಿಗಾಗಿ ಬೇಡಲಿ, ಭಜನೆ ಹಿಡಿದವರ ಹೊಲಗಳಿಗೂ. ಯೋವೇಲನ ಮೊದಲ ಅಧ್ಯಾಯದಲ್ಲಿ ಮೇವಿಲ್ಲದೆ ನರಳುವ ದನಗಳ ಮೊರೆಯೂ ದೇವರನ್ನು ಮುಟ್ಟುತ್ತದೆ. ಜೋಡಿ ಎತ್ತುಗಳನ್ನು ಸಂತೆಗೆ ಹೊಡೆಯಬೇಕಾಗಿ ಬಂದವನ ಅಳಲಿಗೆ ಆರಾಧನೆಯಲ್ಲಿ ಸ್ಥಳವಿರಲಿ. ಪ್ರಲಾಪದ ಕೀರ್ತನೆಗಳನ್ನು ಸ್ತೋತ್ರದ ಕೀರ್ತನೆಗಳಿಗೆ ಅವಸರದಿಂದ ದಾಟಿಸದಿರಲಿ. ಮಳೆ ಬಂದರೆ ಕೃತಜ್ಞತೆ ಸಲ್ಲಿಸಲಿ, ಜಯಘೋಷ ಮಾಡದಿರಲಿ. ಆರಾಧನೆ ಮುಗಿದ ಮೇಲೆ ಬೆಳೆವಿಮೆಗೆ ಹೆಸರು ನೋಂದಾಯಿಸುವ ಕೊನೆಯ ದಿನಾಂಕವನ್ನು ಓದಿ ಹೇಳಲಿ. ಮುಂಗಾರಿನ ಆಹಾರ ಬೆಳೆಗೆ ರೈತನು ಕಟ್ಟಬೇಕಾದದ್ದು ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ. ಕೃಷಿ ಹೊಂಡಕ್ಕೆ ಅರ್ಜಿ ಬರೆದುಕೊಡಲಿ. ಇದು ಪ್ರಾರ್ಥನೆಗೆ ಬದಲಾದ ಕೆಲಸವೆಂದು ಯಾರಾದರೂ ಆಕ್ಷೇಪಿಸಿದರೆ ಅಂತಿಯೋಕ್ಯದವರನ್ನು ಕೇಳಲಿ.

ಮರುವರ್ಷ ಸಂಶಿಯ ಅದೇ ಮನೆಯಲ್ಲಿ ಕೂತಾಗ ಪ್ರಾರ್ಥನೆಯನ್ನು ನಡೆಸಿಕೊಟ್ಟವರು ಆ ತಾಯಿಯೇ. ಹೆಸರಿಗೆ ಒಂದು ಹದ ಮಳೆ ಬೇಕೆಂದು ಬೇಡಿದರು. ಸ್ವಲ್ಪ ತಡೆದು, ಹಳ್ಳ ದಂಡಿ ಹತ್ತದಷ್ಟು ಎಂದೂ ಸೇರಿಸಿದರು.