ಜಮಖಂಡಿಯ ಶಿಂದೆ ಮತ್ತು ಉಪದೇಶಕರ ಶಾಲೆ

ಉಪದೇಶಕರನ್ನು ತಯಾರು ಮಾಡುವ ಶಾಲೆ ಯಾವುದು ಎಂದರೆ ನವಲಗುಂದ, ಅಣ್ಣಿಗೇರಿ ಕಡೆಯ ಹಿರಿಯರು ಬಾದಾಮಿಯ ದಿಕ್ಕು ತೋರಿಸುತ್ತಾರೆ. ಮಲಪ್ರಭೆಯ ದಂಡೆಯ ಶಿವಯೋಗಮಂದಿರವನ್ನು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ವಟುಗಳಾಗಿ ಸೇರಿ, ಸಂಸ್ಕೃತ, ವಚನ, ಯೋಗ ಕಲಿತು, ಗೋಶಾಲೆಯ ಸಗಣಿಯಿಂದ ವಿಭೂತಿ ತಯಾರಿಸುವುದನ್ನೂ ಕಂಡು ಬೆಳೆದ ಸಾಧಕರು ನಮ್ಮ ಭಾಗದ ಎಷ್ಟೋ ಮಠಗಳ ಪೀಠವೇರಿದ್ದಾರೆ. ಅದಕ್ಕೂ ಎಂಟು ವರ್ಷ ಮೊದಲು, 1901ರಲ್ಲಿ, ಇದೇ ಸೀಮೆಯ ಜಮಖಂಡಿಯಲ್ಲಿ ಹುಟ್ಟಿದ ತರುಣನೊಬ್ಬ ಉಪದೇಶಕನ ವಿದ್ಯೆ ಕಲಿಯಲು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದ. ಆತ ವಿಠ್ಠಲ ರಾಮಜಿ ಶಿಂದೆ. ಸೇರಿದ್ದು ಆಕ್ಸ್‌ಫರ್ಡಿನಲ್ಲಿದ್ದ ಯೂನಿಟೇರಿಯನ್ನರ ಮ್ಯಾಂಚೆಸ್ಟರ್ ಕಾಲೇಜು. ಮಹಾರಾಷ್ಟ್ರ ಅವರನ್ನು ಮಹರ್ಷಿ ಎಂದು ಕರೆದು ಇಟ್ಟುಕೊಂಡಿದೆ. ಹುಟ್ಟಿದ ನಾಡಿನವರಾದ ನಾವು ಅವರನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇವೆ. ಆ ಕಾಲೇಜು ಅವರಿಗೆ ಕಲಿಸಿದ ಒಂದು ಸಂಗತಿ ಇಂದಿಗೂ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಬೇಕಾಗಿದೆ: ಉಪದೇಶದ ತರಬೇತಿ ಪೀಠದ ಮೇಲೆ ಮುಗಿಯಬಾರದು, ಕೇರಿಯ ತನಕ ನಡೆದು ಹೋಗಬೇಕು.

ಯೂನಿಟೇರಿಯನ್ನರೆಂದರೆ ಕ್ರೈಸ್ತ ಪರಂಪರೆಯೊಳಗಿಂದಲೇ ಎದ್ದು, ತಂದೆ-ಮಗ-ಪವಿತ್ರಾತ್ಮ ಎಂಬ ತ್ರಿತ್ವವನ್ನು ಒಪ್ಪದೆ ದೇವರು ಒಬ್ಬನೇ ಎಂದವರು. ಈ ನಿಲುವಿಗಾಗಿ ಅವರು ಸ್ವಂತ ದೇಶದಲ್ಲೇ ಬಹುಕಾಲ ಹೊರಗಿನವರಾಗಿ ಬದುಕಿದರು. ರಾಜಚರ್ಚಿನ ಕಟ್ಟಳೆಗೆ ಸಹಿ ಹಾಕದವರಿಗೆ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಜಾಗವಿಲ್ಲದ ಕಾಲದಲ್ಲಿ, 1786ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಈ ಕಾಲೇಜು ಹುಟ್ಟಿತು. ಯಾರ್ಕ್, ಮತ್ತೆ ಮ್ಯಾಂಚೆಸ್ಟರ್, ಆಮೇಲೆ ಲಂಡನ್ ಎಂದು ಊರೂರು ಅಲೆದು 1889ರಲ್ಲಿ ಆಕ್ಸ್‌ಫರ್ಡಿಗೆ ಬಂದು ನಿಂತಿತು. ಸತ್ಯ, ಸ್ವಾತಂತ್ರ್ಯ, ಧರ್ಮ ಎಂಬ ಮೂರಕ್ಕೆ ಅದನ್ನು ಅರ್ಪಿಸಿದ್ದಾರೆ. ಇಂಥದ್ದನ್ನೇ ನಂಬುತ್ತೇನೆಂದು ವಿದ್ಯಾರ್ಥಿಯಿಂದ ಬರೆಸಿಕೊಳ್ಳುವುದಿಲ್ಲ ಎಂಬುದು ಅದರ ಹಿರಿಮೆ. ರಾಮಮೋಹನ ರಾಯರ ಕಾಲದಿಂದಲೂ ಯೂನಿಟೇರಿಯನ್ನರಿಗೂ ಬ್ರಹ್ಮಸಮಾಜಕ್ಕೂ ಒಡನಾಟವಿದ್ದುದರಿಂದ, ಬ್ರಹ್ಮಸಮಾಜ ಮತ್ತು ಪ್ರಾರ್ಥನಾ ಸಮಾಜದ ತರುಣರಿಗೆ ಅಲ್ಲಿ ಓದಲು ವಿದ್ಯಾರ್ಥಿವೇತನ ಸಿಗುತ್ತಿತ್ತು. ಫರ್ಗ್ಯುಸನ್ ಕಾಲೇಜಿನ ಪದವೀಧರ ಶಿಂದೆಗೆ ಹಾಗೆ ದಾರಿ ತೆರೆಯಿತು. ಬಡೋದೆಯ ಸಯಾಜಿರಾವ್ ಮಹಾರಾಜರು ಪ್ರಯಾಣಕ್ಕೆ ನೆರವಾದರು.

ಅಲ್ಲಿನ ಪಾಠಕ್ರಮದಲ್ಲಿ ಮೊದಲು ಗಮನ ಸೆಳೆಯುವುದು ಅದರ ಹರವು. ಉಪದೇಶಕನಾಗುವವನು ತನ್ನ ಧರ್ಮದಷ್ಟೇ ಶ್ರದ್ಧೆಯಿಂದ ಪರಧರ್ಮವನ್ನೂ ಓದಬೇಕಿತ್ತು. ತೌಲನಿಕ ಧರ್ಮಶಾಸ್ತ್ರ ಕಲಿಸುತ್ತಿದ್ದ ಜೋಸೆಫ್ ಎಸ್ಟ್ಲಿನ್ ಕಾರ್ಪೆಂಟರ್, ಬೌದ್ಧರ ದೀಘನಿಕಾಯವನ್ನು ರೀಸ್ ಡೇವಿಡ್ಸ್ ಜೊತೆ ಪಾಲಿಯಲ್ಲಿ ಸಂಪಾದಿಸಿದ ವಿದ್ವಾಂಸ. ಕ್ರೈಸ್ತ ಗುರು ಬುದ್ಧನ ಮಾತನ್ನು ಆದರದಿಂದ ಬಿಡಿಸಿ ಹೇಳುವ ತರಗತಿಯಲ್ಲಿ ಜಮಖಂಡಿಯ ವಾರಕರಿ ಮನೆತನದ ಹುಡುಗ ಕುಳಿತಿದ್ದ. ಇನ್ನು ಪ್ರವಚನದ ಅಭ್ಯಾಸ. ವಿದ್ಯಾರ್ಥಿ ತಾನೇ ಬರೆದದ್ದನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಒಪ್ಪಿಸಿ, ಎಲ್ಲಿ ಮಾತು ಸೊರಗಿತು, ಎಲ್ಲಿ ತರ್ಕ ಜಾರಿತು ಎಂದು ಕೇಳಿಸಿಕೊಳ್ಳುವುದು ಇಂಥ ಕಾಲೇಜುಗಳ ವಾಡಿಕೆ. ಇಷ್ಟಾದರೆ ವಾಗ್ಮಿ ಸಿದ್ಧನಾದ. ಉಪದೇಶಕ ಇನ್ನೂ ಆಗಿಲ್ಲ. ಯೂನಿಟೇರಿಯನ್ನರ ಇನ್ನೊಂದು ಪಾಠಶಾಲೆ ಕೊಳೆಗೇರಿಗಳಲ್ಲಿತ್ತು. ಬೋಸ್ಟನ್ನಿನ ಜೋಸೆಫ್ ಟಕರ್‌ಮನ್ 1826ರಲ್ಲಿ, ಯಾವ ಚರ್ಚಿಗೂ ಸೇರದ ಬಡವರ ಮನೆಗಳಿಗೆ ತಾನೇ ಹೋಗುವ ಸೇವೆ ಆರಂಭಿಸಿದ. ಆತ 1833ರಲ್ಲಿ ಇಂಗ್ಲೆಂಡಿಗೆ ಬಂದುಹೋದ ಮೇಲೆ ಮ್ಯಾಂಚೆಸ್ಟರ್, ಲಂಡನ್, ಲಿವರ್‌ಪೂಲ್‌ಗಳಲ್ಲಿ ಡೊಮೆಸ್ಟಿಕ್ ಮಿಷನ್ ಎಂಬ ಹೆಸರಿನಲ್ಲಿ ಅದು ಬೇರುಬಿಟ್ಟಿತು. ಸೇವಕ ಬಾಗಿಲು ತಟ್ಟಿ ಒಳಗೆ ಹೋಗುತ್ತಾನೆ, ಕೂತು ಕೇಳುತ್ತಾನೆ, ಯಾರ ಮನೆಯಲ್ಲಿ ಕಾಯಿಲೆ, ಯಾವ ಮಗು ಶಾಲೆ ಬಿಟ್ಟಿದೆ ಎಂದು ತಿಳಿದುಕೊಳ್ಳುತ್ತಾನೆ. ಆಮೇಲೆ ರಾತ್ರಿಶಾಲೆ, ಪುಡಿಗಾಸಿನ ಉಳಿತಾಯ ಬ್ಯಾಂಕು, ಗ್ರಂಥಾಲಯ ಒಂದೊಂದಾಗಿ ಏಳುತ್ತವೆ. ಮತಕ್ಕೆ ಸೇರಿಸಿಕೊಳ್ಳುವುದು ಅವನ ಕೆಲಸವಲ್ಲ. ಶಿಂದೆ ರಜೆಯಲ್ಲಿ ಈ ಕೆಲಸವನ್ನು ಕಣ್ಣಾರೆ ಕಂಡರು. 1903ರಲ್ಲಿ ಆಮ್‌ಸ್ಟರ್‌ಡಾಮಿನ ಉದಾರಧರ್ಮ ಪರಿಷತ್ತಿನಲ್ಲಿ ಭಾರತದ ಬಗ್ಗೆ ಪ್ರಬಂಧ ಓದಿ ಅದೇ ವರ್ಷ ಊರಿಗೆ ಮರಳಿದರು.

ಕಲಿತದ್ದು ಏನಾಯಿತೆಂಬುದಕ್ಕೆ 1906ರ ಅಕ್ಟೋಬರ್ 18 ಸಾಕ್ಷಿ. ಮುಂಬಯಿ ಪ್ರಾರ್ಥನಾ ಸಮಾಜದ ಪ್ರಚಾರಕರಾಗಿದ್ದ ಶಿಂದೆ ಅಂದು ಗಿರಣಿಗಳ ಬಡಾವಣೆಯಾದ ಪರಳದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು; ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುವಾದದ್ದು ಹೀಗೆ. ಅಧ್ಯಕ್ಷರು ಹೊನ್ನಾವರದಲ್ಲಿ ಹುಟ್ಟಿದ ನ್ಯಾಯಮೂರ್ತಿ ನಾರಾಯಣ ಚಂದಾವರಕರ. ಶಿಂದೆಯವರ ತಂಗಿ ಜನಕ್ಕ ಕೇರಿಯ ಹೆಣ್ಣುಮಕ್ಕಳ ನಡುವೆ ದುಡಿದರು. ಆಗಿನ ಮಡಿಯ ಲೆಕ್ಕದಲ್ಲಿ ಅದೆಂಥ ಧೈರ್ಯವೆಂದು ಇಂದು ಅಂದಾಜು ಮಾಡುವುದೂ ಕಷ್ಟ. ಅಣ್ಣನ ಹೆಸರಿನ ನೆರಳಲ್ಲಿ ಆಕೆಯ ಹೆಸರು ಮಸುಕಾದದ್ದು ಅನ್ಯಾಯ. ಮಿಷನ್ನಿನ ಶಾಖೆ ಪುಣೆಗೆ ಬಂತು, ನಮ್ಮ ಹುಬ್ಬಳ್ಳಿಗೂ ಬಂತು. ಆಕ್ಸ್‌ಫರ್ಡಿನ ತರಗತಿಯಿಂದ ಹುಬ್ಬಳ್ಳಿಯ ಕೇರಿಗೆ ನೇರವಾಗಿ ಒಂದು ದಾರಿ ಇತ್ತು ಎಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಮಾತು.

ಹಾಗೆಂದು ನಮ್ಮಲ್ಲಿ ಉಪದೇಶದ ಕಲೆ ಬಡವಾಗಿದೆ ಎಂದಲ್ಲ. ಶ್ರಾವಣ ಬಂತೆಂದರೆ ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ಹೊಲದ ಕೆಲಸ ಮುಗಿಸಿ, ಉಂಡು, ಮಂದಿ ಮಠದ ಅಂಗಳದಲ್ಲೋ ಗುಡಿಯ ಮುಂದೋ ಸೇರುತ್ತಾರೆ. ಹಾರ್ಮೋನಿಯಂ, ತಬಲಾ ಹೊಂದಿಸಿಕೊಂಡು ಗವಾಯಿಗಳು ಷಟ್ಪದಿಯ ಒಂದು ಪದ್ಯವನ್ನು ರಾಗವಾಗಿ ಎತ್ತುತ್ತಾರೆ. ಕೊನೆಯ ಸಾಲು ಇಳಿಯುವ ಹೊತ್ತಿಗೆ ಶಾಸ್ತ್ರಿಗಳು ಮಾತಿಗೆ ಕೈಹಾಕಿ, ಪದ ಬಿಡಿಸಿ, ಅರ್ಥ ಹೇಳಿ, ಅಲ್ಲಿಂದ ಅತ್ತೆ-ಸೊಸೆಯ ಜಗಳಕ್ಕೋ ಹತ್ತಿಯ ಧಾರಣೆಗೋ ಜಿಗಿದು, ಮಂದಿಯನ್ನು ನಗಿಸಿ, ನಗು ಅಡಗುವ ಮುನ್ನವೇ ಬಸವಣ್ಣನ ಹತ್ತಿರ ತಂದು ನಿಲ್ಲಿಸುತ್ತಾರೆ. ಗವಾಯಿಗೂ ಶಾಸ್ತ್ರಿಗೂ ನಡುವಿನ ಈ ಕೊಡು-ಕೊಳ್ಳು ವರ್ಷಗಟ್ಟಲೆ ಜೊತೆಗೆ ಕೂತು ಪಳಗಿದ್ದು. ಯಾವ ಕಾಲೇಜಿನ ಪ್ರವಚನ ತರಗತಿಗೂ ಅದು ಸಡ್ಡು ಹೊಡೆಯಬಲ್ಲದು. ತಿಂಗಳಾದ ಮೇಲೆ ಪುರಾಣ ಮಂಗಲ. ಪಲ್ಲಕ್ಕಿ, ಡೊಳ್ಳು, ಊರಿಗೆಲ್ಲ ಹುಗ್ಗಿ. ಶಾಸ್ತ್ರಿಗಳಿಗೆ ಶಾಲು ಹೊದಿಸಿ ಕಳಿಸುತ್ತಾರೆ. ಮರುದಿನದಿಂದ ಆ ತಿಂಗಳ ಮಾತನ್ನು ಹೊತ್ತು ಮನೆಮನೆಗೆ ಹೋಗುವವರು ಯಾರು ಎಂಬ ಪ್ರಶ್ನೆಗೆ ಊರಲ್ಲಿ ಉತ್ತರವಿರುವುದಿಲ್ಲ. ಶಿಂದೆಯವರ ಶಿಕ್ಷಣದ ಮೊದಲರ್ಧ ನಮ್ಮಲ್ಲಿ ಸಮೃದ್ಧವಾಗಿದೆ, ಕೊರತೆ ಎರಡನೆಯರ್ಧದ್ದು.

ಮಠಗಳು ಶಾಲೆ ನಡೆಸುತ್ತಿಲ್ಲವೇ, ಪ್ರಸಾದ ನಿಲಯ ಕಟ್ಟಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆ ಋಣ ದೊಡ್ಡದು. ಉತ್ತರ ಕರ್ನಾಟಕದ ಎರಡು ಮೂರು ತಲೆಮಾರು ಮಠದ ಅನ್ನ ಉಂಡು ಓದಿದೆ. ಆದರೆ ಅಲ್ಲಿ ಬಡವನ ಮಗ ಮಠದ ಬಾಗಿಲಿಗೆ ಬರಬೇಕು. ಟಕರ್‌ಮನ್ ಮತ್ತು ಶಿಂದೆ ಹಿಡಿದದ್ದು ಬಡವನ ಬಾಗಿಲಿಗೆ ತಾವೇ ಹೋಗುವ ದಾರಿ, ಅದಕ್ಕೆ ಬೇರೆಯೇ ತರಬೇತಿ ಬೇಕು. ವಿದೇಶಿ ಚರ್ಚಿನ ಪದ್ಧತಿ ನಮಗೇಕೆ ಎಂಬ ಮಾತಿಗೆ ಕುಂದಗೋಳ ತಾಲ್ಲೂಕಿನ ಕಳಸವೇ ಉತ್ತರ. ಆ ಊರಿನ ಗೋವಿಂದ ಭಟ್ಟರು ಶಿಶುನಾಳದ ಮುಸಲ್ಮಾನ ತರುಣ ಶರೀಫರನ್ನು ಶಿಷ್ಯನನ್ನಾಗಿ ಮಾಡಿಕೊಂಡಾಗ ಯಾವ ಆಕ್ಸ್‌ಫರ್ಡಿನ ಅಪ್ಪಣೆಯನ್ನೂ ಕೇಳಿರಲಿಲ್ಲ. ಗೆರೆ ದಾಟುವ ಗುಣ ಈ ಮಣ್ಣಿನದೇ. ಅದನ್ನು ಹತ್ತು ಜನಕ್ಕೆ ಕಲಿಸುವ ವ್ಯವಸ್ಥೆಯನ್ನಷ್ಟೇ ಹೊರಗಿನಿಂದ ನೋಡಿ ಕಲಿಯಬಹುದು. ಸೇವೆಗೆ ತರಬೇತಿ ಬೇಕಿಲ್ಲ, ಮನಸ್ಸಿದ್ದರೆ ಸಾಕು ಎನ್ನುವವರು ಮಂಗಳೂರಿನ ಕುದ್ಮುಲ್ ರಂಗರಾಯರನ್ನು ಎತ್ತಿ ತೋರಿಸಬಹುದು. ವಕೀಲರಾಗಿದ್ದ ಅವರು ಯಾವ ಉಪದೇಶಕರ ಶಾಲೆಗೂ ಹೋಗದೆ, ಶಿಂದೆಗಿಂತ ಒಂಬತ್ತು ವರ್ಷ ಮೊದಲೇ, 1897ರಲ್ಲಿ ಮಂಗಳೂರಿನಲ್ಲಿ ದಲಿತರ ಮಕ್ಕಳಿಗಾಗಿ ಇದೇ ಹೆಸರಿನ ಮಿಷನ್ ಕಟ್ಟಿದರು. ಈ ಉದಾಹರಣೆ ನನ್ನ ವಾದಕ್ಕೆ ತೊಡಕಲ್ಲ, ಬಲ. ರಂಗರಾಯರ ಹಿಂದೆ ಉಳ್ಳಾಲ ರಘುನಾಥಯ್ಯನವರು ಕಟ್ಟಿದ ಬ್ರಹ್ಮಸಮಾಜವಿತ್ತು. ಜಾತಿ ನೋಡದೆ ಒಟ್ಟಿಗೆ ಕೂತು ಪ್ರಾರ್ಥಿಸುವ ಆ ಪುಟ್ಟ ಸಭೆಯೇ ಅವರ ಶಾಲೆ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮೇಲಿನವರು ಕೆಳಗಿಳಿದು ಬಂದು ಉದ್ಧಾರ ಮಾಡುವ ಈ ರೀತಿಯಲ್ಲಿ ಯಜಮಾನಿಕೆ ಮೇಲಿನವರ ಕೈಯಲ್ಲೇ ಉಳಿಯುತ್ತದೆ. 1920ರಲ್ಲಿ ನಾಗಪುರದಲ್ಲಿ ಶಾಹೂ ಮಹಾರಾಜರ ಅಧ್ಯಕ್ಷತೆಯ ಪರಿಷತ್ತಿನಲ್ಲಿ ತರುಣ ಅಂಬೇಡ್ಕರ್ ಶಿಂದೆಯವರ ಮಿಷನ್ನಿನ ನಿಲುವನ್ನು ನೇರವಾಗಿಯೇ ವಿರೋಧಿಸಿದರು. ದಲಿತರ ಪ್ರತಿನಿಧಿಗಳನ್ನು ದಲಿತರೇ ಆರಿಸಬೇಕೆಂಬುದು ಅವರ ಪಟ್ಟು. ಅಂಬೇಡ್ಕರ್ ಹೇಳಿದ್ದೇ ಸರಿ. ಶಿಂದೆ 1923ರಲ್ಲಿ ಮಿಷನ್ನಿನ ಕಾರಭಾರದಿಂದ ಹಿಂದೆ ಸರಿದರು, ಮರುವರ್ಷ ಮಂಗಳೂರಿನ ಬ್ರಹ್ಮಸಮಾಜಕ್ಕೆ ಆಚಾರ್ಯರಾಗಿ ಬಂದರು, 1944ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತ, ದುಡಿಯುತ್ತ ಇದ್ದರು. ಅಂಬೇಡ್ಕರರ ಮಾತು ಸರಿಯಾದ್ದರಿಂದ, ತರಬೇತಿ ಯಾರಿಗೆ ಎಂಬುದೇ ಮುಖ್ಯ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಾಜೋಮ್ ಕಿಸೋರ್ ಸಿಂಗ್ 1887ರಲ್ಲಿ ಆರಂಭಿಸಿದ ಯೂನಿಟೇರಿಯನ್ ಸಭೆಗಳು ಹೊರಗಿನ ಪಾದ್ರಿಗಾಗಿ ಕಾಯಲಿಲ್ಲ. ಊರಿನ ಗೃಹಸ್ಥರೇ ಪ್ರಾರ್ಥನೆ ನಡೆಸಲು ಕಲಿತರು, ಆ ಸಭೆಗಳು ಇಂದಿಗೂ ಇವೆ. ಆಕ್ಸ್‌ಫರ್ಡಿನ ಕಾಲೇಜೂ ಹ್ಯಾರಿಸ್ ಮ್ಯಾಂಚೆಸ್ಟರ್ ಎಂಬ ಹೆಸರಿನಲ್ಲಿ ನಡೆದಿದೆ.

ನಮ್ಮಲ್ಲೂ ಈ ತರಬೇತಿಗೆ ತಕ್ಕವರನ್ನು ದೂರ ಹುಡುಕಬೇಕಿಲ್ಲ. ಪುರಾಣದ ಕಮಿಟಿಯಲ್ಲಿ ಚಂದಾ ಎತ್ತುವ, ಪೆಂಡಾಲು ಹಾಕುವ, ಸಾವಿರ ಮಂದಿಗೆ ಪಂಕ್ತಿ ಬಡಿಸುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಯಾವ ಮನೆಯಲ್ಲಿ ಎಷ್ಟು ಮಂದಿ, ಯಾರು ಉಣ್ಣಲು ಬಂದರು, ಯಾರು ಬರಲಿಲ್ಲ ಎಂಬುದು ಅವರಿಗೆ ಬಾಯಿಪಾಠ. ಅವರಲ್ಲಿ ನಾಲ್ವರನ್ನು, ಎಲ್ಲ ಓಣಿ ಕೇರಿಗಳಿಂದ ಆರಿಸಿ, ಹೆಣ್ಣುಮಕ್ಕಳನ್ನೂ ಸೇರಿಸಿ, ಮಂಗಲದ ಬಳಿಕ ಇನ್ನೊಂದು ವಾರ ಶಾಸ್ತ್ರಿಗಳ ಜೊತೆ ಕೂರಿಸುವ ಖರ್ಚು ಆ ಒಂದು ದಿನದ ಹುಗ್ಗಿಯ ಖರ್ಚಿಗಿಂತ ಹೆಚ್ಚಾಗದು. ಹುಬ್ಬಳ್ಳಿಯ ಶಾಖೆ ನಡೆಯುತ್ತಿದ್ದ ಕಾಲದಲ್ಲೇ ಈ ಕೆಲಸ ನವಲಗುಂದಕ್ಕೋ ಕಲಘಟಗಿಗೋ ಹಬ್ಬಿದ್ದರೆ, ಇಷ್ಟು ಹೊತ್ತಿಗೆ ಅದಕ್ಕೆ ನಾಲ್ಕು ತಲೆಮಾರು ತುಂಬುತ್ತಿತ್ತು.